ಮೊದಲು ಒಂದು ವಾಲ್ವ್ ಬದಲಿಸಿ ನೋಡಿ

ಹಳೆಯ ವಾಲ್ವ್ ಆಂಪ್ಲಿಫೈಯರ್‌ನಲ್ಲಿ ಹಾರ್ಮೋನಿಕಾ ನುಡಿಸುವವರಿಗೆ ದೊಡ್ಡ ತಲೆನೋವೆಂದರೆ ಫೀಡ್‌ಬ್ಯಾಕ್‌ನ ಕೀರಲು. ಇಂಥ ಆಂಪ್ಲಿಫೈಯರ್‌ಗಳಲ್ಲಿ ಹೆಚ್ಚಿನವು ಗಿಟಾರ್‌ಗೆಂದು ಮಾಡಿದವು. ಅಂಗೈಯಲ್ಲಿ ಬಿಗಿಯಾಗಿ ಮುಚ್ಚಿ ಹಿಡಿದ ಮೈಕಿಗೆ ಗಿಟಾರ್‌ಗೆ ಹೊಂದಿಸಿದ ಗೇನ್ (ವರ್ಧನೆ) ಅತಿಯಾಗುತ್ತದೆ.

ಹಾಗೆಂದು ಕೂಡಲೇ ಸೋಲ್ಡರಿಂಗ್‌ಗೆ ಇಳಿಯಬೇಡಿ. ಮೊದಲ ಪ್ರೀಆಂಪ್ ವಾಲ್ವ್ 12ಎಎಕ್ಸ್7 ಆಗಿದ್ದರೆ, ಸ್ವಿಚ್ ಆರಿಸಿ, ತಣ್ಣಗಾದ ಮೇಲೆ ಅದರ ಜಾಗದಲ್ಲಿ 12ಎವೈ7 ಕೂರಿಸಿ. 12ಎಎಕ್ಸ್7ರ ವರ್ಧನಾಂಕ ಸುಮಾರು 100, 12ಎವೈ7ರದು 45ರ ಆಸುಪಾಸು. ಪಿನ್ ಜೋಡಣೆ ಒಂದೇ. ಬ್ಲೂಸ್ ಹಾರ್ಮೋನಿಕಾ ವಾದಕರು ಇಂದಿಗೂ ಹಂಬಲಿಸುವ, 1950ರ ದಶಕದ ಕೊನೆಯ ಫೆಂಡರ್ ಬಾಸ್‌ಮನ್‌ನಲ್ಲಿ ಕಾರ್ಖಾನೆಯವರೇ 12ಎವೈ7 ಹಾಕುತ್ತಿದ್ದರು. 12ಎಯು7 ಇನ್ನೂ ತಗ್ಗಿನದು, ಆದರೆ ನನ್ನ ಕಿವಿಗೆ ಅದು ಸಪ್ಪೆ.

ಮಂದ್ರವೂ ಹೆಚ್ಚಬೇಕೆನಿಸಿದರೆ, ಕಪಾಸಿಟರ್ ಬದಲಿಸುವ ಆ ಕೆಲಸವನ್ನು ಬಲ್ಲ ಮೆಕ್ಯಾನಿಕ್‌ಗೇ ಬಿಡಿ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು. ಅದು ಜೀವ ತೆಗೆಯಬಲ್ಲದು. ಎರಡು ಪಿನ್ನಿನ ಹಳೆಯ ವೈರ್ ಇದ್ದರೆ ಅರ್ಥಿಂಗ್ ಇರುವ ಮೂರು ಪಿನ್ನಿನದನ್ನು ಮೊದಲು ಹಾಕಿಸಿ. ಲೋಹದ ಮೈಕನ್ನು ತುಟಿಯ ಪಕ್ಕದಲ್ಲೇ ಹಿಡಿದು ನುಡಿಸುವುದರಿಂದ, ಅರ್ಥಿಂಗ್ ಇಲ್ಲದಿದ್ದರೆ ಶಾಕ್ ಹೊಡೆಯುವ ಅಪಾಯವಿದೆ. ತೆಗೆದ ಮೂಲ ಬಿಡಿಭಾಗಗಳನ್ನು ಮಾತ್ರ ಎಸೆಯದೆ ಜೋಪಾನವಾಗಿಡಿ.