ಎಗರುವ ಎಟಿವಿಗೆ ಸ್ಪ್ರಿಂಗ್ ಬಿಗಿಮಾಡುವುದು ಮದ್ದಲ್ಲ

ಪ್ರಶ್ನೆ: ಸಕಲೇಶಪುರದ ತೋಟದಲ್ಲಿ ನಾಲ್ಕು ಚಕ್ರದ ಎಟಿವಿ ಬೈಕ್ ಓಡಿಸುತ್ತೇನೆ. ಕಲ್ಲುದಾರಿಯಲ್ಲಿ ಹಿಂಭಾಗ ಎಗರುತ್ತದೆ. ಸ್ಪ್ರಿಂಗ್ ಬಿಗಿ ಮಾಡಿಸಿದ ಮೇಲೆ ಇನ್ನೂ ಹೆಚ್ಚಾಗಿದೆ. ಏನು ಮಾಡಲಿ?

ಉತ್ತರ: ಮೊದಲು ಆ ಬಿಗಿ ಸಡಿಲಿಸಿ. ಸ್ಪ್ರಿಂಗಿನ ಈ ಬಿಗಿಯನ್ನು, ಅಂದರೆ ಪ್ರಿಲೋಡನ್ನು, ತಿರುಗಿಸಿದರೆ ಗಾಡಿಯ ಎತ್ತರ ಬದಲಾಗುತ್ತದೆಯೇ ಹೊರತು ಸ್ಪ್ರಿಂಗಿನ ಗಡಸುತನವಲ್ಲ. ಟೈರಿನ ಗಾಳಿಯನ್ನೂ ನೋಡಿ. ಎಟಿವಿಗೆ ಸಾಮಾನ್ಯವಾಗಿ 4ರಿಂದ 7 ಪಿಎಸ್‌ಐ ಸಾಕು. ಕಾರಿನ ಲೆಕ್ಕದಲ್ಲಿ ತುಂಬಿಸಿದ್ದರೆ ಎಗರದೆ ಇನ್ನೇನು!

ಆಮೇಲೆ ಟೇಪು ಹಿಡಿಯಿರಿ. ಚಕ್ರಗಳು ನೆಲ ಬಿಡುವಂತೆ ಜಾಕ್ ಹಾಕಿ, ಹಿಂಬದಿಯ ಚಾಸಿಯ ಎತ್ತರ ಅಳೆಯಿರಿ. ಇಳಿಸಿ, ನೀವೇ ಕೂತು ಮತ್ತೆ ಅಳೆಸಿ. ಹಿಂಚಕ್ರ ಮೇಲೆ-ಕೆಳಗೆ ಚಲಿಸಬಲ್ಲ ಒಟ್ಟು ದೂರದ ಸುಮಾರು ಮೂರನೇ ಒಂದು ಭಾಗ ಕುಸಿದಿರಬೇಕು; ಇಲ್ಲದಿದ್ದರೆ ಪ್ರಿಲೋಡ್ ತಿರುಗಿಸಿ ಅಲ್ಲಿಗೆ ತನ್ನಿ. ಗೊಬ್ಬರದ ಚೀಲ ಹೇರುವವರಾದರೆ ಹೇರಿಯೇ ಅಳೆಯಿರಿ.

ಈಗಲೂ ಎಗರಿದರೆ ಶಾಕ್ ಅಬ್ಸಾರ್ಬರ್ ಮೇಲೇಳುವ ವೇಗ ತಗ್ಗಿಸುವ ರಿಬೌಂಡ್ ಸ್ಕ್ರೂ ಇದ್ದಲ್ಲಿ ಎರಡೆರಡೇ ಕ್ಲಿಕ್ ಬಿಗಿಮಾಡಿ, ಅದೇ ದಾರಿಯಲ್ಲಿ ಓಡಿಸಿ ನೋಡಿ. ಅತಿಯಾದರೆ ಶಾಕ್ ಮೇಲೇಳದೆ ಕುಸಿದೇ ಉಳಿಯುತ್ತದೆ.

ಶಾಕ್‌ನ ರಾಡಿನಲ್ಲಿ ಎಣ್ಣೆ ಜಿನುಗಿದ್ದರೆ ಇವೆಲ್ಲ ವ್ಯರ್ಥ. ಒಳಗೆ ಒತ್ತಡದ ನೈಟ್ರೋಜನ್ ಇರಬಹುದು. ಮನೆಯಲ್ಲಿ ಬಿಚ್ಚದೆ ಸಸ್ಪೆನ್ಷನ್ ರಿಪೇರಿ ಬಲ್ಲವರಿಗೇ ಕೊಡಿ.