ಜಾಲತಾಣದಲ್ಲಿ ಗುಡಗೇರಿಗೆ ಎಷ್ಟು ಅಕ್ಷರ?

ಸರ್ವರಿನಲ್ಲಿ ಜಾಲತಾಣದ ಪುಟಗಳನ್ನು ಸಿದ್ಧಪಡಿಸುವ ಪಿ.ಎಚ್.ಪಿ. ಭಾಷೆಯನ್ನು ಹೊಸದಾಗಿ ಕಲಿಯುವವರು, ಪಟ್ಟಿಯಲ್ಲಿ ಕನ್ನಡದ ಹೆಸರುಗಳು ತುಂಡಾಗಿ ಪ್ರಶ್ನಾಚಿಹ್ನೆಯು ತೋರುವದೇಕೆಂದು ಕೇಳುವದುಂಟು. ನಮ್ಮ ಗುಡಗೇರಿಯ ಹೆಸರನ್ನೇ ನೋಡೋಣ. ಓದುವವರಿಗೆ ಅದು 4 ಅಕ್ಷರ. ‘ಸ್ಟ್ರ್‌ಲೆನ್’ ಎಂಬ ಆಜ್ಞೆಯಾದರೋ 21 ಎನ್ನುವದು. ಯಾಕಂದರೆ ಅದು ಬೈಟುಗಳನ್ನೆಣಿಸುವದು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟು ಬೇಕು. ಕೊಂಬು, ಏತ್ವ, ಗುಡಿಸುಗಳೂ ಪ್ರತ್ಯೇಕ ಚಿಹ್ನೆಗಳಾದ ಕಾರಣ ಒಟ್ಟು 7 ಚಿಹ್ನೆಗಳಾದವು. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟು ಸಾಕಾಗುವದರಿಂದ ಆ ಭಾಷೆಯವರಿಗೆ ಈ ತೊಡಕು ಕಾಣಿಸದು.

‘ಸಬ್‌ಸ್ಟ್ರ್’ ಎಂಬ ಕತ್ತರಿಯಿಂದ ಹೆಸರನ್ನು 10ಕ್ಕೆ ಕತ್ತರಿಸಿದರೆ ‘ಗುಡ’ ಉಳಿದು, ಮುಂದಿನ ಗಕಾರದ ಮೂರನೆಯ ಒಂದು ಪಾಲು ಮಾತ್ರ ಬರುವದು. ಪ್ರಶ್ನಾಚಿಹ್ನೆಯಾಗಿ ತೋರುವದು ಅದೇ. ‘ಎಂಬಿ_ಸಬ್‌ಸ್ಟ್ರ್’ ಚಿಹ್ನೆಗಳನ್ನೆಣಿಸುವದು; 4ಕ್ಕೆ ಕತ್ತರಿಸಿದರೆ ‘ಗುಡಗ’ ಎಂದಾಗುವದು. ನಮ್ಮ ಮತದಲ್ಲಿ ಇದು ಹೆಚ್ಚು ಕೇಡಿನದು. ಪ್ರಶ್ನಾಚಿಹ್ನೆಯು ತಪ್ಪನ್ನು ಸಾರುವದು, ಇದಾದರೋ ಒಬ್ಬಳ ಹೆಸರನ್ನು ಸದ್ದಿಲ್ಲದೆ ಮತ್ತೊಂದಾಗಿ ಮಾಡುವದು.

ದೋಷವು ಭಾಷೆಯದಲ್ಲ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವು ನಡೆಯುವ ಮೀಡಿಯಾವಿಕಿಯೂ ಪಿ.ಎಚ್.ಪಿ.ಯಲ್ಲಿಯೇ ಬರೆದದ್ದು. ‘ಇಂಟ್ಲ್’ ವಿಸ್ತರಣೆಯನ್ನು ಸೇರಿಸಿಕೊಂಡು ‘ಗ್ರಾಫೀಮ್_ಸಬ್‌ಸ್ಟ್ರ್’ ಬಳಸಿದರೆ 4 ಅಕ್ಷರಗಳೂ ಪೂರ್ಣವಾಗಿ ಬರುವವು. ದತ್ತಸಂಚಯದಲ್ಲಿ ಮಾತ್ರ ಹೆಸರನ್ನು ಎಂದೂ ಕತ್ತರಿಸದೆ ಇಡತಕ್ಕದ್ದು. ಅಲ್ಲಿ ಕಳೆದ ಗುಡಿಸನ್ನು ಯಾವ ಆಜ್ಞೆಯೂ ಮರಳಿ ತಾರದು.