ಸ್ಮಾರಕದ ಪಕ್ಕದ ಸೈಟಿಗೆ ಎಷ್ಟು ಬೆಲೆ?

ಶ್ರೀರಂಗಪಟ್ಟಣದಲ್ಲಿ ಸೈಟು ನೋಡಲು ಹೋದವರು ಮೊದಲು ಕೇಳುವುದು ಚದರಡಿಗೆ ಎಷ್ಟು ಎಂದು. ಅದಕ್ಕೂ ಮೊದಲು ಕೇಳಬೇಕಾದದ್ದು, ಹತ್ತಿರದ ಸ್ಮಾರಕ ಎಷ್ಟು ಮೀಟರ್ ದೂರ ಎಂದು.

ನಿವೃತ್ತಿಯಾದ ಮೇಲೆ ಕಾವೇರಿ ದಂಡೆಯಲ್ಲೇ ಇರಬೇಕೆಂಬುದು ಅಕ್ಕ–ಭಾವನ ಆಸೆ. ಕೋಟೆಯೊಳಗೆ ಹಳೇ ಹೆಂಚಿನ ಮನೆಯಿರುವ ಒಂದು ಜಾಗ ಹಿಡಿಸಿತು. ಕಾಗದಪತ್ರ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಖಾತೆ ಸರಿಯಿತ್ತು, ಇ.ಸಿ.ಯಲ್ಲಿ ಸಾಲಸೋಲ ಇರಲಿಲ್ಲ, ಕಂದಾಯದ ರಸೀದಿಗಳೂ ಇದ್ದವು. ‘ಇನ್ನೇನು ಸಾರ್, ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡ್ಕೊಳ್ಳಿ’ ಎಂದರು ದಲ್ಲಾಳಿ. ಬೆಲೆ ಊರಾಚೆಯ ಬಡಾವಣೆಗಿಂತ ಕಡಿಮೆ. ಆ ಕಡಿಮೆಯೇ ನನ್ನನ್ನು ತಡೆಯಿತು.

ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾಗಿದೆ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ ಕನಿಷ್ಠ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ನಾವು ನೀವು ಹೊಸ ಮನೆ ಕಟ್ಟುವಂತಿಲ್ಲ. ಅಳತೆ ಶುರುವಾಗುವುದು ಸಂರಕ್ಷಿತ ಜಾಗದ ಎಲ್ಲೆಯಿಂದ. ಹಾಗಾಗಿ ದರಿಯಾ ದೌಲತ್ ಬಾಗ್‌ನಂಥ ಕಡೆ ಕಟ್ಟಡದ ಗೋಡೆಯಿಂದ ಟೇಪು ಹಿಡಿದರೆ ಲೆಕ್ಕ ತಪ್ಪುತ್ತದೆ. ರಂಗನಾಥನ ಗುಡಿ, ಜುಮ್ಮಾ ಮಸೀದಿ, ಬೈಲಿ ಸೆರೆಮನೆ ಎಲ್ಲವೂ ಒಂದೇ ಕೋಟೆಯೊಳಗೆ. ಒಂದರಿಂದ ದೂರವಾಯಿತೆಂದು ಸಮಾಧಾನಪಡುವಷ್ಟರಲ್ಲಿ ಇನ್ನೊಂದು ಹತ್ತಿರವಾಗಿರುತ್ತದೆ.

ಆ ಜಾಗ ನೂರು ಮೀಟರಿನೊಳಗೇ ಇತ್ತು. ‘ಹಳೇ ಮನೆ ಕೆಡವಿ ಅದೇ ಪಾಯದ ಮೇಲೆ ಎಬ್ಬಿಸಿದ್ರೆ ಯಾರು ಕೇಳ್ತಾರೆ’ ಎಂಬ ಮಾತೂ ಬಂತು. 1992ರ ಜೂನ್ 16ಕ್ಕೂ ಮೊದಲಿನ ಮನೆಯಾದರೆ ಅನುಮತಿ ಪಡೆದು ದುರಸ್ತಿ, ನವೀಕರಣ ಮಾಡಬಹುದು. ಕೆಡವಿ ಕಟ್ಟುವುದು, ಮೇಲೊಂದು ಅಂತಸ್ತು ಏರಿಸುವುದು ದುರಸ್ತಿಯಲ್ಲ. ಮೀರಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮೂವತ್ತು ವರ್ಷ ದುಡಿದು ಕೂಡಿಟ್ಟ ಹಣವನ್ನು ಅಂಥ ಕಡೆ ಹಾಕಬೇಡಿ ಎಂದು ಭಾವನಿಗೆ ನೇರವಾಗಿಯೇ ಹೇಳಿದೆ.

ಆಮೇಲೆ ಸಿಕ್ಕಿದ ಸೈಟು ನಿಯಂತ್ರಿತ ಪ್ರದೇಶದಲ್ಲಿತ್ತು. ಅಲ್ಲಿ ಕಟ್ಟಬಹುದು, ಆದರೆ ಅದೇ ಕಾಯ್ದೆಯಡಿಯ ಸಕ್ಷಮ ಪ್ರಾಧಿಕಾರದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ಪುರಸಭೆಯ ಪ್ಲಾನ್ ಮಂಜೂರಾತಿಯಾಗಲಿ ಭೂಪರಿವರ್ತನೆಯ ಆದೇಶವಾಗಲಿ ಅದರ ಬದಲಿಗೆ ಬರುವುದಿಲ್ಲ. ಸಕ್ಷಮ ಪ್ರಾಧಿಕಾರ ಅರ್ಜಿಯನ್ನು 15 ದಿನದೊಳಗೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು. ಅಲ್ಲಿ ಎರಡು ತಿಂಗಳು, ಶಿಫಾರಸು ವಾಪಸು ಬಂದ ಮೇಲೆ ಇನ್ನೊಂದು ತಿಂಗಳು. ಕಾಯ್ದೆಯ ಗಡುವೇ ಮೂರೂವರೆ ತಿಂಗಳು. ಶೇ 9ರ ಬಡ್ಡಿಯಲ್ಲಿ 30 ಲಕ್ಷ ಸಾಲ ಎತ್ತಿ ಕೂತರೆ ತಿಂಗಳಿಗೆ 22,500 ರೂಪಾಯಿ, ಅಷ್ಟೂ ದಿನಕ್ಕೆ 78,750 ರೂಪಾಯಿ ಬಡ್ಡಿ. ಇನ್ನೂ ಪಾಯ ತೋಡಿರುವುದಿಲ್ಲ, ಬಾಡಿಗೆ ಮನೆಯ ಖರ್ಚು ಬೇರೆ. ಕಟ್ಟಡದ ಎತ್ತರಕ್ಕೂ ಮಿತಿ ಬೀಳಬಹುದು. ಮೇಲಂತಸ್ತಿನ ಬಾಡಿಗೆಯಿಂದ ಕಂತು ಕಟ್ಟುವ ಲೆಕ್ಕ ಹಾಕಿದವರಿಗೆ ಅದು ದೊಡ್ಡ ಪೆಟ್ಟು.

ಅದಕ್ಕೇ ಕರಾರುಪತ್ರದಲ್ಲಿ ಒಂದು ಷರತ್ತು ಬರೆಸಿದೆವು: ಎನ್‌ಒಸಿ ಸಿಗದಿದ್ದರೆ ಮುಂಗಡ ಪೂರ್ತಿ ವಾಪಸು. ಕ್ರಯಪತ್ರ, ಸಾಲ ಎರಡೂ ಎನ್‌ಒಸಿ ಬಂದ ಮೇಲೆಯೇ. ಮಾಲೀಕರು ಮೊದಲು ಮುಖ ಗಂಟಿಕ್ಕಿದರು, ನಂತರ ಒಪ್ಪಿದರು. ಒಪ್ಪದಿದ್ದರೆ ಆ ಸೈಟನ್ನೂ ಬಿಡಲು ನಾವು ಸಿದ್ಧರಿದ್ದೆವು.

ಈ ಕಾನೂನು ಬೇಕು. ಅದಿಲ್ಲದಿದ್ದರೆ ಗುಂಬಜ್‌ನ ಬೆನ್ನಿಗೇ ಲಾಡ್ಜುಗಳು ಏಳುತ್ತಿದ್ದವು. ಆದರೆ ಕೋಟೆಯೊಳಗೆ ತಲೆಮಾರಿನಿಂದ ಇರುವ ಮನೆಗಳವರ ಕಷ್ಟ ನಿಜವಾದದ್ದು. ಮಗನ ಮದುವೆಗೆಂದು ಒಂದು ಕೋಣೆ ಹೆಚ್ಚಿಸಿಕೊಳ್ಳುವಂತಿಲ್ಲ, ಮಾರಲು ಹೋದರೆ ಬೆಲೆ ಹುಟ್ಟುವುದಿಲ್ಲ. ಅವರಿಗೂ ಅಲ್ಲಿ ಕೊಳ್ಳಲು ಬರುವವರಿಗೂ ಸ್ಥಿತಿ ಏನೆಂದು ಸ್ಪಷ್ಟವಾಗಿ ತಿಳಿಯಬೇಕು. ಖಾತೆ ಪ್ರತಿಯಲ್ಲಿ ಚಕ್ಕುಬಂದಿಯ ಕೆಳಗೆ, ಈ ಸ್ವತ್ತು ಯಾವ ಸ್ಮಾರಕದ ಎಲ್ಲೆಯಿಂದ ಎಷ್ಟು ಮೀಟರ್ ಎಂಬ ಒಂದು ಸಾಲನ್ನು ಪುರಸಭೆ ಸೇರಿಸಲಿ.